ಹಳೆಯ ಜಪಾನಿ ಮನೆಸಾಮಾನು: ಪಿಂಗಾಣಿಯೋ, ಉರುಶಿಯೋ, ಕಬ್ಬಿಣದ ಕೆಟಲೋ, ತಾನ್ಸುವೋ?

ಕ್ಯೋತೋದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ಕ್ಕೆ, ಅದೇ ಊರಿನ ಕಿತಾನೊ ತೆನ್ಮಾಂಗು ಗುಡಿಯ ಸುತ್ತ 25ಕ್ಕೆ ಹಳೆಸಾಮಾನಿನ ಸಂತೆ ನೆರೆಯುತ್ತದೆ. ಒಂದೇ ಟಾರ್ಪಾಲಿನ ಮೇಲೆ ನೀಲಿ-ಬಿಳಿ ತಟ್ಟೆಗಳು, ಕಪ್ಪು ಬಟ್ಟಲುಗಳು, ತುಕ್ಕು ಹಿಡಿದ ಕೆಟಲು, ಹಿಂದುಗಡೆ ಒರಗಿಸಿಟ್ಟ ಮರದ ಪೆಟ್ಟಿಗೆ. ಜಪಾನಿನಲ್ಲಿ ಕೆಲಸಕ್ಕಿರುವವರಿಗೆ ಇವನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯವಿದೆ. ಬೆಂಗಳೂರಿನಲ್ಲಿ ಕೂತು ಮಧ್ಯವರ್ತಿ ಸೇವೆಗಳ ಮೂಲಕ ಅಲ್ಲಿನ ಆನ್‌ಲೈನ್ ಹರಾಜು ಜಾಲಾಡುವವರಿಗೆ ಫೋಟೋ ಮಾತ್ರವೇ ಗತಿ. ಇಬ್ಬರೂ ಮೊದಲು ಕೇಳುವುದು ಮಾತ್ರ ಒಂದೇ ಪ್ರಶ್ನೆ, ಎಷ್ಟು ಹಳೆಯದು ಅಂತ.

ಅದಕ್ಕಿಂತ ಮೊದಲು ಕೇಳಬೇಕಾದ್ದು, ಇದು ನಮ್ಮ ಮನೆಯ ಗಾಳಿಯಲ್ಲಿ ಬಾಳುತ್ತದೆಯೇ ಅಂತ. ಮಂಗಳೂರಿನ ಜುಲೈ, ಕಲಬುರಗಿಯ ಏಪ್ರಿಲ್, ಬೆಂಗಳೂರಿನ ಏಸಿ ಕೋಣೆ, ಈ ಮೂರೂ ಮರ, ಉರುಶಿ (ಮರದ ಹಾಲಿನಿಂದ ಮಾಡಿದ ಲೇಪ), ಕಬ್ಬಿಣಗಳನ್ನು ಬೇರೆ ಬೇರೆ ರೀತಿಯಲ್ಲಿ ಕಾಡುತ್ತವೆ. ಪಿಂಗಾಣಿಯೊಂದಕ್ಕೇ ಯಾವ ಊರೂ ಆದೀತು. ಆದ್ದರಿಂದ ಮೊದಲ ಖರೀದಿ ಪಿಂಗಾಣಿ, ಎರಡನೆಯದು ಕೆಟಲು ಅಥವಾ ಉರುಶಿ (ಯಾವುದೆಂಬುದನ್ನು ನಿಮ್ಮ ಊರು ಹೇಳುತ್ತದೆ), ಕೊನೆಗೆ ತಾನ್ಸು (ಡ್ರಾಯರುಗಳ ಮರದ ಪೆಟ್ಟಿಗೆ) ಎನ್ನುವುದು ನಮ್ಮ ಸಲಹೆ. ತಾನ್ಸುವನ್ನು ಕೊನೆಗೆ ಇಡುವುದು ಅದು ಕೀಳೆಂದಲ್ಲ. ತಪ್ಪಾದರೆ ಅದನ್ನು ಕಪಾಟಿನ ಮೂಲೆಗೆ ತಳ್ಳಿ ಮರೆಯಲು ಆಗುವುದಿಲ್ಲ.

ನೀಲಿ-ಬಿಳಿ ಪಿಂಗಾಣಿ

ಜಪಾನಿನ ಪಿಂಗಾಣಿ ಶುರುವಾದದ್ದು ಕ್ಯೂಶೂ ದ್ವೀಪದ ಅರಿತಾದಲ್ಲಿ, 17ನೇ ಶತಮಾನದ ಆರಂಭದಲ್ಲಿ. ಹತ್ತಿರದ ಇಮಾರಿ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಸರಕಿಗೂ 'ಇಮಾರಿ' ಎಂಬ ಹೆಸರೇ ನಿಂತಿತು. ಆ ಶತಮಾನದ ನಡುವಿನಿಂದ ಡಚ್ ಕಂಪನಿ ಅದನ್ನು ಯೂರೋಪಿಗೆ ಸಾಗಿಸಿತು. ಮ್ಯೂಸಿಯಮ್ಮುಗಳಲ್ಲಿ ಕಾಣುವ ಕಾಕಿಯೆಮೊನ್, ನಬೆಶಿಮಾ ತುಣುಕುಗಳ ಸಹವಾಸ ಮೊದಲ ಖರೀದಿಯಲ್ಲಿ ಬೇಡ. ನಕಲಿಗಳ ಕಾಟ ಹೆಚ್ಚು, ಪರೀಕ್ಷೆಗೆ ಅನುಭವದ ಕಣ್ಣು ಬೇಕು. ಹೊಸಬರಿಗೆ ಹೇಳಿಸಿದ್ದು ಮನೆಬಳಕೆಯ ಸರಕು: ಸುಮಾರು 15 ಸೆಂ.ಮೀ. ಅಗಲದ, ಸ್ವಲ್ಪ ಆಳವಿರುವ ನಮಾಸು-ಜಾರಾ ತಟ್ಟೆಗಳು ಮತ್ತು ಬಾಯಿ 7-8 ಸೆಂ.ಮೀ., ಎತ್ತರ 6 ಸೆಂ.ಮೀ. ಆಸುಪಾಸಿನ ಸೋಬಾ-ಚೋಕೊ ಬಟ್ಟಲುಗಳು. ಶಾವಿಗೆಯಂಥ ನೂಡಲ್ಸನ್ನು ಅದ್ದಿ ತಿನ್ನಲು ಮಾಡಿದ ಈ ಬಟ್ಟಲಿನಲ್ಲಿ ಫಿಲ್ಟರ್ ಕಾಫಿ ಹಿಡಿಯುತ್ತದೆ. ಹಿಡಿಕೆ ಇಲ್ಲ, ಬಿಸಿ ಮಾತ್ರ ಬೆರಳಿಗೆ ತಾಗುತ್ತದೆ.

ಈ ಮನೆಬಳಕೆಯ ಸರಕಿನಲ್ಲೇ ಮೂರು ಬಗೆ. ಬೆಲೆಯ ಅಂತರ ಹುಟ್ಟುವುದು ಇಲ್ಲಿಂದಲೇ.

ಕೈಚಿತ್ರದ್ದರಲ್ಲಿ ಗೆರೆಯ ದಪ್ಪ ಒಂದೇ ಸಮ ಇರುವುದಿಲ್ಲ. ಕುಂಚ ಊರಿದಲ್ಲಿ ಕಡುನೀಲಿ, ಎತ್ತಿದಲ್ಲಿ ತಿಳಿ. ಬಣ್ಣ ತುಂಬಿದ ಕಡೆ ಮೋಡದ ಹಾಗೆ ಏರಿಳಿತ. ಎದೋ ಕಾಲದ (1603-1868) ನೈಸರ್ಗಿಕ ನೀಲಿಗೆ ತುಸು ಬೂದು ಛಾಯೆ ಇರುತ್ತದೆ. ಜರ್ಮನ್ ರಸಾಯನಶಾಸ್ತ್ರಜ್ಞ ಗಾಟ್‌ಫ್ರೀಡ್ ವ್ಯಾಗನರ್ 1870ರಲ್ಲಿ ಅರಿತಾಕ್ಕೆ ಬಂದ ಕಾಲದಿಂದ ಕಾರ್ಖಾನೆಯ ಕೋಬಾಲ್ಟ್ ಬಳಕೆಗೆ ಬಂತು. ಆಮೇಲಿನ ನೀಲಿ ಕಣ್ಣು ಕುಕ್ಕುವಷ್ಟು ಗಾಢ. ಎರಡನೆಯದು ಕತಾಗಾಮಿ, ಅಂದರೆ ಕತ್ತರಿಸಿದ ಕಾಗದದ ಅಚ್ಚಿನಿಂದ ಬಣ್ಣ ಬಳಿದದ್ದು. ನಮ್ಮ ರಂಗೋಲಿಯ ತೂತುಕೊಳವೆ, ತೂತುತಟ್ಟೆ ನೆನೆಸಿಕೊಳ್ಳಿ: ಅಚ್ಚು ಹರಿಯದಂತೆ ನಡುನಡುವೆ ಬಿಟ್ಟ ಸೇತುವೆಗಳಿಂದ ಗೆರೆ ತುಂಡುತುಂಡಾಗಿ ಬಿದ್ದಿರುತ್ತದೆ. ಮೂರನೆಯದು ತಾಮ್ರದ ಫಲಕದಿಂದ ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಇಳಿಸಿದ ಮುದ್ರಣ. ಕೂದಲೆಳೆಯ ಅಡ್ಡಗೆರೆಗಳು, ಕಾಗದದ ತುದಿ ಕೂಡುವಲ್ಲಿ ಹೊಂದದ ಚಿತ್ತಾರ. ಈ ಎರಡು ಅಚ್ಚಿನ ಬಗೆಗಳೂ ಮೇಜಿ ಕಾಲದಲ್ಲಿ, ಅಂದರೆ 1868-1912ರ ನಡುವೆ, ಹೇರಳವಾಗಿ ಬಂದವು. ಇವನ್ನು ಒಟ್ಟಾಗಿ 'ಇನ್‌ಬಾನ್' ಅನ್ನುತ್ತಾರೆ. ಕೈಚಿತ್ರದ್ದಕ್ಕೆ ಹೋಲಿಸಿದರೆ ತೀರಾ ಅಗ್ಗ. ಆದರೂ ಕೂಡದ ಅಂಚು, ಚೆಲ್ಲಿದ ಬಣ್ಣದ ಆ ಅವಸರದಲ್ಲೇ ಒಂದು ಸೊಗಸಿದೆ. ದಿನಬಳಕೆಗೆ ಇದೇ ಸರಿ. ಒಂದು ಒಡೆದರೆ ಎದೆ ಒಡೆಯುವುದಿಲ್ಲ.

ತಟ್ಟೆಯನ್ನು ನೋಡುವ ಕ್ರಮ ಹೀಗೆ. ಮೊದಲು ಮಗುಚಿ. ಕೆಳಗಿನ ಪಾದದ ಬಳೆಯ ಮೇಲೆ ಬೆರಳು ಆಡಿಸಿ: ಹಳೆಯದರಲ್ಲಿ ಗ್ಲೇಜ್ (ಗಾಜಿನಂಥ ಹೊಳಪು ಪದರ) ಇಲ್ಲದ ಆ ಅಂಚು ಒಂದರ ಮೇಲೊಂದು ಪೇರಿಸಿಟ್ಟು ಸವೆದಿರುತ್ತದೆ, ಕೆಲವೊಮ್ಮೆ ಗೂಡಿನ ಮರಳು ಅಂಟಿಕೊಂಡಿರುತ್ತದೆ. ಬಳೆಯ ಒಳಗೆ ಸಾಸಿವೆ ಗಾತ್ರದ ಒಂದರಿಂದ ಐದು ಗಂಟುಗಳು ಕಂಡರೆ ಅವು ದೋಷವಲ್ಲ. ಸುಡುವಾಗ ತಟ್ಟೆಯ ನಡು ಕುಸಿಯದಂತೆ ಕೊಟ್ಟ ಮಣ್ಣಿನ ಊರುಗೋಲಿನ ಗುರುತು. ಬಳೆಗೆ ಚಹಾ ಬಣ್ಣದ ಕೊಳೆ ಸುತ್ತಲೂ ಒಂದೇ ಹದದಲ್ಲಿ ಹತ್ತಿದ್ದರೆ ಯಾರೋ ಚಹಾದಲ್ಲೇ ಅದ್ದಿದ್ದಾರೆ. ಆಮೇಲೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ನೂರು ವರ್ಷ ಉಂಡ ತಟ್ಟೆಯ ಗೀರುಗಳು ಎತ್ತೆತ್ತಲೋ ಓಡಿರುತ್ತವೆ. ಎಲ್ಲವೂ ಒಂದೇ ದಿಕ್ಕಿಗಿದ್ದರೆ ಅದು ಮರಳುಕಾಗದದ ಕೆಲಸ. ಕೊನೆಗೆ ಎಡಗೈಯ ಮೂರು ಬೆರಳ ಮೇಲೆ ಕೂರಿಸಿ ಅಂಚನ್ನು ಉಗುರಿನಿಂದ ತಟ್ಟಿ. ಗಂಟೆಯಂತೆ ನಿನಾದ ಬಂದರೆ ಸರಿ. 'ಟಪ್' ಅಂದರೆ ಕಣ್ಣಿಗೆ ಬೀಳದ ಸೀಳಿದೆ.

ಕೆಳಗೆ ಚೀನೀ ಅಕ್ಷರದಲ್ಲಿ ಮಿಂಗ್ ವಂಶದ ಚಕ್ರವರ್ತಿಯ ಹೆಸರಿದ್ದರೆ ಗಾಬರಿಯೂ ಬೇಡ, ಸಂಭ್ರಮವೂ ಬೇಡ. ಅರಿತಾದವರು ಚೀನೀ ಮುದ್ರೆಯನ್ನು ಅಲಂಕಾರಕ್ಕೆಂದು ಶತಮಾನಗಟ್ಟಲೆ ಬರೆದಿದ್ದಾರೆ. ಹೆಚ್ಚು ಉಪಯೋಗಕ್ಕೆ ಬರುವುದು ಇಂಗ್ಲಿಷ್ ಅಕ್ಷರದ ಮುದ್ರೆ. ಅಮೆರಿಕದ ಸುಂಕದ ಕಾನೂನಿನಿಂದಾಗಿ 1891ರಿಂದ ರಫ್ತಿನ ಸರಕಿನ ಮೇಲೆ 'ನಿಪ್ಪಾನ್' ಎಂದು, 1921ರಿಂದ 'ಜಪಾನ್' ಎಂದು ಬರತೊಡಗಿತು. 'ಆಕ್ಯುಪೈಡ್ ಜಪಾನ್' ಎಂದಿದ್ದರೆ ಯುದ್ಧಾನಂತರದ ಅಮೆರಿಕನ್ ಹಿಡಿತದ ಕಾಲ, 1952ಕ್ಕಿಂತ ಈಚಿನದಲ್ಲ.

ಸೆಟ್ಟಿನ ಲೆಕ್ಕ ನಮ್ಮ ಆರರದ್ದಲ್ಲ, ಐದರದ್ದು. ಐದು, ಹತ್ತು, ಇಪ್ಪತ್ತು. 'ಆರರಲ್ಲಿ ಒಂದು ಕಳೆದಿದೆ' ಎಂದು ಚೌಕಾಸಿ ಮಾಡಿದರೆ ಅಂಗಡಿಯವನು ನಕ್ಕಾನು.

ಬಳಸುವವರಿಗೆ ಒಂದು ಎಚ್ಚರಿಕೆ. ಗ್ಲೇಜಿನ ಕೆಳಗಿನ ನೀಲಿ ಗಾಜಿನ ಪದರದಡಿ ಭದ್ರವಾಗಿದೆ. ಆದರೆ ಗ್ಲೇಜಿನ ಮೇಲೆ ಬಳಿದ ಕೆಂಪು, ಹಸಿರು, ಹಳದಿ ಬಣ್ಣಗಳಲ್ಲಿ ಹಿಂದೆ ಸೀಸ ಬಳಸುತ್ತಿದ್ದರು, ಹುಳಿ ಅದನ್ನು ಕರಗಿಸುತ್ತದೆ. ಬಣ್ಣದ ಇಮಾರಿಯಲ್ಲಿ, ಕುತಾನಿ ಎಂಬ ಬಣ್ಣದ ಪಿಂಗಾಣಿಯಲ್ಲಿ ಹುಣಸೆಗೊಜ್ಜು, ಮಜ್ಜಿಗೆಹುಳಿ, ಉಪ್ಪಿನಕಾಯಿ ಬೇಡ. ಒಣ ತಿಂಡಿ ಇಡಿ, ಇಲ್ಲವೇ ಗೋಡೆಗೆ ಹಾಕಿ. ಚಿನ್ನದ ಗೆರೆ ಇದ್ದರೆ ಮೈಕ್ರೋವೇವ್, ಡಿಶ್‌ವಾಷರ್ ಎರಡೂ ವರ್ಜ್ಯ.

ಸಾತ್ಸುಮಾ ಎಂಬ ಹೆಸರಿನಲ್ಲಿ ಮಾರುವ ಬೆಣ್ಣೆಬಣ್ಣದ, ಬಲೆಬಲೆಯಾಗಿ ಬಿರುಕುಬಿಟ್ಟ ಗ್ಲೇಜಿನ, ಚಿನ್ನ ಸುರಿದ ಹೂದಾನಿಗಳ ಬಗ್ಗೆ ಎರಡೇ ಮಾತು: ಮಾರುಕಟ್ಟೆಯಲ್ಲಿರುವ ಬಹುಪಾಲು ರಫ್ತಿಗೆಂದೇ ಅವಸರದಲ್ಲಿ ಮಾಡಿದ್ದು. ವೃತ್ತದೊಳಗೆ ಶಿಲುಬೆಯಂಥ, ಸಾತ್ಸುಮಾವನ್ನು ಆಳಿದ ಶಿಮಾಜು ಮನೆತನದ ಲಾಂಛನ ಇದ್ದ ಮಾತ್ರಕ್ಕೆ ಅದೇನೂ ಅರಮನೆಯ ಸರಕಾಗುವುದಿಲ್ಲ.

ತೆತ್ಸುಬಿನ್: ಕಬ್ಬಿಣದ ಕೆಟಲು

ಇಲ್ಲಿ ಮೊದಲ ಆಯ್ಕೆಯೇ ಎಡವುವ ಜಾಗ. ಒಳಗೆ ಕಪ್ಪಗೆ ಗಾಜಿನಂತೆ ಹೊಳೆಯುವ ಎನಾಮಲ್ ಲೇಪ ಇದ್ದರೆ ಅದು ಚಹಾ ಸೋಸುವ ಪಾತ್ರೆ. ಒಲೆಯ ಮೇಲಿಟ್ಟರೆ ಲೇಪ ಸಿಡಿಯುತ್ತದೆ. ನೀರು ಕುದಿಸುವ ನಿಜವಾದ ತೆತ್ಸುಬಿನ್ನಿನ ಒಳಗೆ ಬರಿಯ ಕಬ್ಬಿಣ.

ಎರಡು ಸಂಪ್ರದಾಯಗಳನ್ನು ಹೋಲಿಸಬಹುದು. ಈಶಾನ್ಯದ ಇವಾತೆ ಪ್ರಾಂತದ ಮೊರಿಯೋಕಾ ಮತ್ತು ಮಿಜುಸಾವಾಗಳ ನಾಂಬು ಕಬ್ಬಿಣ ದಪ್ಪ, ಮುಚ್ಚಳವೂ ಕಬ್ಬಿಣದ್ದೇ, ಮೈಮೇಲೆ ಆಲಿಕಲ್ಲಿನಂತೆ ಸಾಲುಸಾಲು ಗುಬುಟು. ಇದಕ್ಕೆ 'ಅರಾರೆ' ಎನ್ನುತ್ತಾರೆ. ಕ್ಯೋತೋದ್ದು ತೆಳು, ಮೈಮೇಲೆ ಬೆಟ್ಟ-ಹೊಳೆಗಳ ಚಿತ್ರ, ಮುಚ್ಚಳ ಸಾಮಾನ್ಯವಾಗಿ ತಾಮ್ರದ ಮಿಶ್ರಲೋಹದ್ದು. ಕ್ಯೋತೋದ ರ್ಯೂಬುಂದೊ, ಕಿಂಜುದೊ ಮನೆಗಳ ಹೆಸರಿದ್ದರೆ ಬೆಲೆ ಜಿಗಿಯುತ್ತದೆ, ಅದಕ್ಕೇ ಆ ಹೆಸರುಗಳ ನಕಲಿಯೂ ಬಲು ಹೆಚ್ಚು. ಬಳಸಲು ಕೊಳ್ಳುವವರು ಹೆಸರಿಲ್ಲದ ನಾಂಬು ಕೆಟಲನ್ನೇ ಆರಿಸಿ. ಹಿಡಿಕೆಯನ್ನು ಮಾತ್ರ ಗಮನಿಸಿ: ಕಬ್ಬಿಣದ ತಗಡನ್ನು ಬಡಿದು ಕೊಳವೆಯಂತೆ ಮಡಿಸಿದ ಟೊಳ್ಳು ಹಿಡಿಕೆಗೆ ಒಳಮೈಯಲ್ಲಿ ಜೋಡಣೆಯ ಗೆರೆ ಕಾಣುತ್ತದೆ. ಅದು ಬೇಗ ಕಾಯುವುದಿಲ್ಲ, ಮತ್ತು ಕಮ್ಮಾರ ಮೈಮುರಿದು ದುಡಿದದ್ದಕ್ಕೆ ಸಾಕ್ಷಿ.

ಒಳಗಿನ ತುಕ್ಕು ಕಂಡು ಹಿಂದೆಗೆಯಬೇಡಿ. ನೋಡಬೇಕಾದ್ದು ನೀರಿನ ಬಣ್ಣ. ತುಂಬಿ ಕುದಿಸಿ, ಬಿಳಿ ಬಟ್ಟಲಿಗೆ ಬಗ್ಗಿಸಿ. ನೀರು ತಿಳಿಯಾಗಿದ್ದರೆ ಒಳಗೆ ಕೆಂಪಿದ್ದರೂ ಚಿಂತೆಯಿಲ್ಲ. ನೀರೇ ಕೆಂಪಾದರೆ ಒಂದು ಹಿಡಿ ಗ್ರೀನ್ ಟೀ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ, ಸಣ್ಣ ಉರಿಯಲ್ಲಿ ಇಪ್ಪತ್ತು-ಮೂವತ್ತು ನಿಮಿಷ ಕುದಿಸಿ, ಆರಲು ಬಿಡಿ, ಚೆಲ್ಲಿ, ಮತ್ತೆ ಮಾಡಿ. ಚಹಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಪದರ ಕಟ್ಟುತ್ತದೆ. ಹಳೆಯ ಕಾಲದ ಅಳಲೆಕಾಯಿ ಮಸಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ಸ್ಟೀಲ್ ಉಜ್ಜುನಾರು ಮುಟ್ಟಿಸಿದಿರೋ, ಗೂಡಿನಲ್ಲಿ ಕೆಂಪಗೆ ಕಾಯಿಸಿ ಮೂಡಿಸಿದ ಮೂಲ ಆಕ್ಸೈಡ್ ಪದರವೇ ಹೋಗಿ ತುಕ್ಕು ಇಮ್ಮಡಿಯಾಗುತ್ತದೆ.

ಸೋರಿಕೆ ನೋಡಲು ನೀರು ತುಂಬಿ ಹಳೆಯ ದಿನಪತ್ರಿಕೆಯ ಮೇಲೆ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ಕಾಗದದ ಮೇಲೆ ಕಂದು ಉಂಗುರ ಬಿದ್ದಿದ್ದರೆ ತಳದಲ್ಲಿ ಕಣ್ಣಿಗೆ ಕಾಣದ ತೂತಿದೆ. ಆನ್‌ಲೈನಿನಲ್ಲಿ ಕೊಳ್ಳುವಾಗ 'ನೀರು ಸೋರುವುದಿಲ್ಲ' ಎಂಬ ಒಂದು ಸಾಲು ವಿವರಣೆಯಲ್ಲಿ ಇಲ್ಲದಿದ್ದರೆ ಅದು ಸೋರುತ್ತದೆ ಎಂದೇ ತಿಳಿದು ಬೆಲೆ ಹೇಳಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಳಗೆ ಬಿಳಿ ಹರಳು ಬೇಗ ಕಟ್ಟುತ್ತದೆ. ತೆಳು ಪದರವನ್ನು ಜಪಾನಿನಲ್ಲಿ ಇಷ್ಟಪಟ್ಟೇ ಉಳಿಸಿಕೊಳ್ಳುತ್ತಾರೆ, ತುಕ್ಕಿಗೆ ಅದು ತಡೆ. ನಮ್ಮ ಕಡೆಯ ಗಡಸು ನೀರಿನಲ್ಲಿ ಅದು ಕೊಕ್ಕಿನ ಬಾಯಿಯನ್ನೇ ಕಟ್ಟಬಹುದು. ಅಂಥ ಕಡೆ ಫಿಲ್ಟರ್ ನೀರೇ ವಾಸಿ. ಉಪಯೋಗಿಸಿದ ಮೇಲೆ ಬಿಸಿಯಿರುವಾಗಲೇ ಪೂರ್ತಿ ಬಗ್ಗಿಸಿ ಮುಚ್ಚಳ ತೆಗೆದಿಡಬೇಕು. ಒಳಗಿನ ಕಾವಿಗೇ ಒಣಗುತ್ತದೆ. ಖಾಲಿ ಕಾದ ಕೆಟಲಿಗೆ ತಣ್ಣೀರು ಸುರಿದರೆ ಬಿರುಕು ಖಂಡಿತ. ಗ್ಯಾಸ್ ಉರಿ ತಳದ ಅಂಚು ದಾಟಬಾರದು. ಇಂಡಕ್ಷನ್ ಒಲೆಗಳಲ್ಲಿ ಕೆಲವು ಚಿಕ್ಕ ತಳವನ್ನು ಗುರುತಿಸುವುದೇ ಇಲ್ಲ.

ಕರಾವಳಿಯಲ್ಲಿ ಕೆಟಲನ್ನು ಶೋಕೇಸಿನಲ್ಲಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕಿನ ಮುದ್ದೆ. ದಿನಾ ಕುದಿಸುವವರಿಗೆ ಅಲ್ಲಿಯೂ ತೊಂದರೆಯಿಲ್ಲ.

ಉರುಶಿ: ಚನ್ನಪಟ್ಟಣದ ಅರಗಲ್ಲ

ಜಪಾನಿನ 'ಲ್ಯಾಕರ್' ಅಂದಕೂಡಲೇ ನಮಗೆ ಚನ್ನಪಟ್ಟಣದ ಗೊಂಬೆ ನೆನಪಾಗುವುದು ಸಹಜ, ಆದರೆ ಎರಡಕ್ಕೂ ಸಂಬಂಧವಿಲ್ಲ. ಚನ್ನಪಟ್ಟಣದ್ದು ಅರಗಿನ ಹುಳು ಸ್ರವಿಸಿದ್ದು; ಚರಕಿಯ ಮೇಲೆ ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಾಟದ ಬಿಸಿಗೆ ಕರಗಿ ಹತ್ತುತ್ತದೆ, ಸ್ಪಿರಿಟ್ ತಾಗಿದರೆ ಬಿಡುತ್ತದೆ. ಉರುಶಿ ಒಂದು ಮರದ ಹಾಲು. ಅದು ಒಣಗುವುದೂ ತಿರುವುಮುರುವು: ಬಿಸಿಲಿಗೆ ಒಣಗದು, ಶೇ. 70-80ರ ತೇವದ ಬೆಚ್ಚಗಿನ ಪೆಟ್ಟಿಗೆಯಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಸ್ಪಿರಿಟ್ಟಿಗೆ, ಹುಳಿಗೆ, ಬಿಸಿ ಸಾರಿಗೆ ಜಗ್ಗುವುದಿಲ್ಲ. ಅದರ ವೈರಿ ಬಿಸಿಲು.

ಆ ಮರ ಮಾವು, ಗೇರುಗಳ ಕುಟುಂಬದ್ದು. ಗೋಡಂಬಿಯ ಹಸಿ ಸಿಪ್ಪೆಯೆಣ್ಣೆ ತಾಗಿ ಚರ್ಮ ಸುಟ್ಟುಕೊಂಡ ಕರಾವಳಿಯವರಿಗೆ ಹಸಿ ಉರುಶಿ ಏಕೆ ತುರಿಸುತ್ತದೆಂದು ವಿವರಿಸಬೇಕಿಲ್ಲ. ಗಟ್ಟಿಯಾದ ಹಳೆಯ ಬಟ್ಟಲಿನಿಂದ ಆ ಭಯವಿಲ್ಲ. ಕುತೂಹಲದ ಸಂಗತಿಯೆಂದರೆ ಜಪಾನಿನಲ್ಲಿ ಉರುಶಿಗೆ ಬದಲಿಯಾಗಿ ಗೇರುಬೀಜದ ಸಿಪ್ಪೆಯೆಣ್ಣೆಯಿಂದಲೇ ಮಾಡಿದ 'ಕಶ್ಯೂ' ಎಂಬ ಬಣ್ಣ 20ನೇ ಶತಮಾನದ ನಡುವಿನಿಂದ ಚಾಲ್ತಿಯಲ್ಲಿದೆ. ಹಳೆಯ ತಾನ್ಸುವಿಗೆ ಹೊಸ ಹೊಳಪು ಕೊಟ್ಟಿದ್ದಾರೆಂದರೆ ಅದು ಉರುಶಿಯೋ ಕಶ್ಯೂವೋ ಎಂದು ಕೇಳಿಕೊಳ್ಳಿ. ಉತ್ತರ ತಡವರಿಸಿದರೆ ಕಶ್ಯೂ ಎಂದೇ ಬೆಲೆ ಕಟ್ಟಿ.

ಏನು ಕೊಳ್ಳಬಹುದು? ಮದುವೆ, ತಿಥಿಗಳಿಗೆ ಊರವರನ್ನೆಲ್ಲ ಕೂರಿಸಿ ಉಣಿಸುತ್ತಿದ್ದ ದೊಡ್ಡ ಮನೆಗಳ ಉಗ್ರಾಣಗಳಲ್ಲಿ ಮುಚ್ಚಳದ ಬಟ್ಟಲು, ಕಾಲಿರುವ ಊಟದ ಮಣೆಗಳು ಇಪ್ಪತ್ತರ ಲೆಕ್ಕದಲ್ಲಿ ಇರುತ್ತಿದ್ದವು. ಅಂಥ ಊಟ ನಿಂತುಹೋಗಿದೆ, ಮನೆ ಖಾಲಿ ಮಾಡುವಾಗ ಇವು ಗಂಟುಗಂಟಾಗಿ ಬರುತ್ತವೆ. ಪಟ್ಟ ಶ್ರಮಕ್ಕೆ ಹೋಲಿಸಿದರೆ ಇಷ್ಟು ಅಗ್ಗವಾಗಿ ಸಿಗುವ ಹಳೆಯ ಸಾಮಾನು ಇನ್ನೊಂದಿಲ್ಲ. ಹೊಸವರ್ಷದ ತಿಂಡಿಗಿಡುವ ಜೂಬಾಕೊ, ಅಂದರೆ ಮೂರರಿಂದ ಐದು ಅಂತಸ್ತಿನ ಪೆಟ್ಟಿಗೆ, ನಮ್ಮ ಟಿಫನ್ ಕ್ಯಾರಿಯರಿನ ಚೌಕದ ಸೋದರ. ದೀಪಾವಳಿಯ ಉಂಡೆ-ಚಕ್ಕುಲಿಗೆ ಹೇಳಿ ಮಾಡಿಸಿದ್ದು.

ಬಟ್ಟಲು ಮರದ್ದೋ ಪ್ಲಾಸ್ಟಿಕ್ಕಿನದ್ದೋ ಎಂದು ತಿಳಿಯಲು ಸವೆದ ಅಂಚು ನೋಡಿ. ಮರದ ನಾರು, ಒಳ್ಳೆಯದರಲ್ಲಿ ಬಲಕ್ಕೆಂದು ಅಂಟಿಸಿದ ಬಟ್ಟೆಯ ನೇಯ್ಗೆ ಕಾಣುತ್ತದೆ. ಇಶಿಕಾವಾದ ವಾಜಿಮಾದ ಸರಕು ಈ ಬಟ್ಟೆಯ ಅಂಚಿಗೇ ಹೆಸರಾದದ್ದು. ಮರದ್ದು ಎತ್ತಿದರೆ ಹಗುರ. ಬಿಸಿಸಾರು ಹಾಕಿದರೆ ಹೊರಮೈ ಕೈ ಸುಡುವುದಿಲ್ಲ. ಕೆಂಪು ಸವೆದು ಒಳಗಿನ ಕಪ್ಪು ಇಣುಕುವ 'ನೆಗೊರೊ' ಶೈಲಿಯದನ್ನು ಕೊಳ್ಳುವಾಗ ಸವೆತ ಎಲ್ಲಿದೆ ನೋಡಿ: ಕೈ ಹಿಡಿಯುವ ಅಂಚು, ತುಟಿ ತಾಗುವ ಬಾಯಿ, ಪಾದ. ಕೈ ಹೋಗದ ಮೂಲೆಯಲ್ಲೂ ಸವೆದಿದ್ದರೆ ಅದು ಕೆತ್ತಿ ಸವೆಸಿದ್ದು.

ಊರಿನ ಲೆಕ್ಕ ಇಲ್ಲಿ ತಲೆಕೆಳಗು. ಎಲ್ಲರೂ ಕರಾವಳಿಯಲ್ಲಿ ಉರುಶಿ ಹಾಳಾಗುತ್ತದೆ ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಉಡುಪಿಯ ತೇವ ಅದಕ್ಕೆ ತವರು. ಬೂಷ್ಟು ಬಂದರೆ ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ತಿಕ್ಕಿದರೆ ಮುಗಿಯಿತು. ಹಾಳಾಗುವುದು ಒಣಹವೆಯಲ್ಲಿ, ಏಸಿ ಕೋಣೆಯಲ್ಲಿ: ಒಳಗಿನ ಮರ ಕುಗ್ಗುತ್ತದೆ, ಮೇಲಿನ ಪದರ ಕುಗ್ಗುವುದಿಲ್ಲ, ಜೋಡಣೆಯ ಗೆರೆಯಲ್ಲಿ ಸೀಳು ಬೀಳುತ್ತದೆ. ಬಯಲುಸೀಮೆಯವರು ಬೇಸಿಗೆಯಲ್ಲಿ ಕಪಾಟಿನ ಒಳಗೆ ಒಂದು ಲೋಟ ನೀರಿಡಿ, ಗಾಜಿನ ಶೋಕೇಸಿಗೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಸೋಪುನೀರಿನಲ್ಲಿ ನೆನೆಹಾಕುವುದು ಯಾವ ಊರಿನಲ್ಲೂ ಬೇಡ.

ತಾನ್ಸು: ಹೊರಗೆ ಥಳಕು, ಒಳಗೆ ಏನು?

ತಾನ್ಸು ಅಂದರೆ ಡ್ರಾಯರುಗಳ ಪೆಟ್ಟಿಗೆ. ಬಟ್ಟೆಗೆ ಇಶೋ-ದಾನ್ಸು, ಅಡುಗೆಮನೆಗೆ ಮಿಜುಯಾ-ದಾನ್ಸು, ಅಂಗಡಿಯ ಲೆಕ್ಕಪುಸ್ತಕಕ್ಕೆ ಚೋಬಾ-ದಾನ್ಸು, ಔಷಧಿಗೆ ಕುಸುರಿ-ದಾನ್ಸು, ಹಡಗಿನ ಯಜಮಾನನ ಹಣಕ್ಕೆ ಫುನಾ-ದಾನ್ಸು, ತಾನೇ ಮೆಟ್ಟಿಲೂ ಆಗಿರುವುದು ಕೈದಾನ್-ದಾನ್ಸು. ಚಕ್ರದ ಕುರುಮಾ-ದಾನ್ಸು ಕೂಡ ಇತ್ತು. 1657ರ ಎದೋ (ಈಗಿನ ಟೋಕಿಯೋ) ನಗರದ ಮಹಾಬೆಂಕಿಯಲ್ಲಿ ಜನ ಅವನ್ನು ಬೀದಿಗೆಳೆದು ದಾರಿಯೇ ಕಟ್ಟಿಹೋಯಿತು, ಮುಂದೆ ದೊಡ್ಡ ಪಟ್ಟಣಗಳಲ್ಲಿ ಅದನ್ನು ನಿಷೇಧಿಸಿದರು.

ಇವುಗಳಲ್ಲಿ ಇಶೋ-ದಾನ್ಸುವನ್ನೇ ಮೊದಲು ನೋಡಿ. ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೋಗುತ್ತದೆ, ಸೀರೆ ಹಾಗೆಯೇ ಹಿಡಿಸುತ್ತದೆ. ಮಿಜುಯಾವೂ ಎರಡು ತುಂಡು, ಆದರೆ ಅಗಲ 175 ಸೆಂ.ಮೀ. ಆಸುಪಾಸು, ಗೋಡೆ ಅಳೆಯದೆ ಕೊಳ್ಳಬೇಡಿ. ಕೈದಾನ್-ದಾನ್ಸು ಬಗ್ಗೆ ನಮಗೆ ಸಂಶಯವೇ ಹೆಚ್ಚು: ಪಾಶ್ಚಾತ್ಯ ಗಿರಾಕಿಗಳಿಗೆಂದು ಹಳೆಯ ಹಲಗೆಯಿಂದ ಹೊಸದಾಗಿ ಕಟ್ಟಿದವು ತುಂಬ ಇವೆ. ಮೆಟ್ಟಿಲಿನ ಮೂಗು ನೂರು ವರ್ಷದ ಕಾಲಿಗೆ ಸವೆದಿರಬೇಕು, ನಡುವಿನಲ್ಲಿ ಹೆಚ್ಚು, ಬದಿಯಲ್ಲಿ ಕಡಿಮೆ.

ಮರ ಎರಡು ಮುಖ್ಯ. ಕಿರಿ ತೂಕವಿಲ್ಲದ, ಬೂದುಬಿಳಿಯ ಮೆದು ಮರ. ಉಗುರು ಒತ್ತಿದರೆ ಗುರುತು ಬೀಳುತ್ತದೆ. ಕೆಯಾಕಿ ಗಟ್ಟಿ, ಭಾರ, ಎಳೆಗಳು ಅಲೆಯಲೆಯಾಗಿ ಕಾಣುತ್ತವೆ. ಸೆಂದಾಯಿ ಊರಿನ ತಾನ್ಸುಗಳ ಮುಂಭಾಗ ಕೆಯಾಕಿ, ಮೇಲೆ ಪಾರದರ್ಶಕ ಉರುಶಿ, ಅದರ ಮೇಲೆ ಸಿಂಹ, ಹೂವು ಉಬ್ಬಿಸಿ ಕತ್ತರಿಸಿದ ಕಬ್ಬಿಣದ ಪಟ್ಟಿಗಳು. ನೋಡಲು ಸೆಂದಾಯಿಯೇ ಗೆಲ್ಲುತ್ತದೆ. ಬಳಸಲು ಕಿರಿ. ಮಳೆಗಾಲದಲ್ಲಿ ಕಿರಿ ತುಸು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಒಳಗಿನ ರೇಷ್ಮೆ ಒಣಗಿರುತ್ತದೆ. ಜಪಾನಿನಲ್ಲಿ ಕಿಮೋನೊ ಇಡಲು ಅದನ್ನೇ ಆರಿಸಿದ್ದು ಅದಕ್ಕೇ.

ಈಗ ಒಂದು ಡ್ರಾಯರನ್ನು ಪೂರ್ತಿ ಎಳೆದು ನೆಲದ ಮೇಲೆ ಮಗುಚಿ. ತಳದ ಹಲಗೆಯ ಮೇಲೆ ಅಂಗೈ ಸವರಿ: ಕೈಉಜ್ಜುಗೊರಡಿನ ಸಣ್ಣ ಏರುತಗ್ಗು ಬೆರಳಿಗೆ ಸಿಗಬೇಕು. ಪ್ಲೈವುಡ್ ಕಂಡರೆ ಅಲ್ಲಿಗೇ ಮಾತು ಮುಗಿಯಿತು. ಅಂಚಿನ ಮೊಳೆಗಳು ಮರದ ಅಥವಾ ಬಿದಿರಿನ ಗೂಟಗಳಾಗಿದ್ದರೆ ಸರಿ. ದುಂಡುತಲೆಯ ತಂತಿಮೊಳೆ ಮೇಜಿ ಕಾಲದ ಈಚಿನದು, ಇಲ್ಲವೇ ರಿಪೇರಿಯದು. ನಕ್ಷತ್ರತಲೆಯ ಸ್ಕ್ರೂ ಕಂಡರೆ ಕಾರಣ ಕೇಳಿ. ಡ್ರಾಯರಿನ ಹಿಂಬದಿಯಲ್ಲೋ ತಳದಲ್ಲೋ ಮಸಿಯಲ್ಲಿ ಬರೆದ ಸಾಲಿದ್ದರೆ ಫೋಟೋ ತೆಗೆದುಕೊಳ್ಳಿ. ಹೆಚ್ಚಾಗಿ ಅದು ತಾರೀಕು. ಮೇಜಿ ವರ್ಷಕ್ಕೆ 1867, ಆಮೇಲಿನ ಚಕ್ರವರ್ತಿಗಳ ಕಾಲಗಳಾದ ತೈಶೋಗೆ 1911, ಶೋವಾಕ್ಕೆ 1925 ಕೂಡಿದರೆ ನಮ್ಮ ಇಸವಿ: ಮೇಜಿ 27 ಅಂದರೆ 1894. ಮೂಲೆಯಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಇನ್ನೂ ಬದುಕಿದೆ. ತೂತಿದ್ದು ಪುಡಿಯಿಲ್ಲದಿದ್ದರೆ ಹಳೆಯ ಕಥೆ. ಆಮೇಲೆ ಡ್ರಾಯರನ್ನು ವಾಪಸ್ಸಿಟ್ಟು ಬೇಗನೆ ತಳ್ಳಿ. ಒಳ್ಳೆಯ ಕಿರಿ ಪೆಟ್ಟಿಗೆಯಲ್ಲಿ ಒಂದನ್ನು ಮುಚ್ಚಿದರೆ ಗಾಳಿಯ ಒತ್ತಡಕ್ಕೆ ಇನ್ನೊಂದು ತಾನಾಗಿ ಮುಂದಕ್ಕೆ ಬರುತ್ತದೆ. ಬಡಗಿಯ ಹೊಂದಾಣಿಕೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ಬೀಗದ ಕೈ ಸಾಮಾನ್ಯವಾಗಿ ಕಳೆದೇ ಹೋಗಿರುತ್ತದೆ, ಅದಕ್ಕೆ ಕೊರಗಬೇಡಿ. ಹಿಡಿಕೆಯೋ ಪಟ್ಟಿಯೋ ಕಾಣೆಯಾಗಿದ್ದರೆ ಕೊರಗಿ. ಅದಕ್ಕೆ ಜೋಡಿ ಸಿಗುವುದಿಲ್ಲ. ಮೈ ಪೂರ್ತಿ ಹೆರೆದು ಹೊಸದು ಮಾಡಿದ ಕಿರಿ ತಾನ್ಸು ಸಂಗ್ರಾಹಕರ ಲೆಕ್ಕದಲ್ಲಿ ಕಡಿಮೆಯೇ, ಆದರೆ ಸೀರೆ ಇಡಲು ಅದೇ ಚೆಂದ.

ನಮ್ಮ ಮನೆಗಳಲ್ಲಿ ತಾನ್ಸು ಕೆಡುವುದು ಹೆಚ್ಚಾಗಿ ಗೆದ್ದಲಿನಿಂದಲ್ಲ, ನೆಲ ಒರೆಸುವ ಬಟ್ಟೆಯಿಂದ. ತಾನ್ಸುವಿಗೆ ಕಾಲಿಲ್ಲ. ಹುಟ್ಟಿದೂರಿನಲ್ಲಿ ಅದು ಕೂತದ್ದು ಒಣ ತಾತಾಮಿ ಚಾಪೆಯ ಮೇಲೆ, ಹಲಗೆಯ ನೆಲದ ಮೇಲೆ. ಇಲ್ಲಿ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಅದರ ಅಂಚಿಗೆ ತಾಗುತ್ತದೆ, ನೀರು ತಳಕ್ಕೆ ಇಂಗುತ್ತದೆ, ಎರಡು ವರ್ಷಕ್ಕೆ ಕೆಳಗಿನ ಡ್ರಾಯರು ಬಿಗಿಯುತ್ತದೆ, ಮೂರನೆಯ ವರ್ಷ ತಳ ಕಪ್ಪಾಗುತ್ತದೆ. ನಾಲ್ಕೈದು ಸೆಂ.ಮೀ. ಎತ್ತರದ ಕಲ್ಲಿನ ಪಟ್ಟಿ ಇಲ್ಲವೇ ತೇಗದ ಚೌಕಟ್ಟು ಕೊಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ.

ತರಿಸುವ ಖರ್ಚು ಮತ್ತು ಕಾಗದಪತ್ರ

ಅಗ್ಗವಾಗಿ ಸಿಕ್ಕ ತಾನ್ಸು ಮನೆ ತಲುಪುವಾಗ ಅಗ್ಗವಾಗಿರುವುದಿಲ್ಲ. ಹಡಗಿನಲ್ಲಿ ದುಡ್ಡು ತೂಕಕ್ಕಲ್ಲ, ಗಾತ್ರಕ್ಕೆ. 110 ಸೆಂ.ಮೀ. ಅಗಲ, 45 ಆಳ, 110 ಎತ್ತರದ ಇಶೋ-ದಾನ್ಸು 0.54 ಘನ ಮೀಟರು. ಸುತ್ತ ಹತ್ತು ಹತ್ತು ಸೆಂ.ಮೀ. ಪ್ಯಾಕಿಂಗ್ ಸೇರಿಸಿದರೆ 130, 65, 130: ಅಂದರೆ 1.1 ಘನ ಮೀಟರು, ಸರಿಸುಮಾರು ಇಮ್ಮಡಿ. ಇಪ್ಪತ್ತು ತಟ್ಟೆಗಳಾದರೆ ಐದು ಕಿಲೋದ ಆಸುಪಾಸು, ಅಂಚೆಯಲ್ಲೇ ಬರುತ್ತವೆ. ಮರದ ಕ್ರೇಟಿನ ಮೇಲೆ ಬಿಸಿಮಾಡಿ ಸೋಂಕು ಕಳೆದ ಗುರುತು, ಅಂದರೆ ತೆನೆಯ ಚಿತ್ರ ಮತ್ತು 'ಎಚ್‌ಟಿ' ಅಕ್ಷರ ಇರಬೇಕು. ಇಲ್ಲದಿದ್ದರೆ ಬಂದರಿನಲ್ಲೇ ಸಿಕ್ಕಿಬೀಳುತ್ತದೆ.

ಕಸ್ಟಮ್ಸ್‌ನಲ್ಲಿ ನೂರು ವರ್ಷ ಮೀರಿದ ವಸ್ತುವಿಗೆ 9706 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಮೇಜಿ ಕಾಲದ್ದು ಆ ಗಡಿ ಸಲೀಸಾಗಿ ದಾಟುತ್ತದೆ, ಶೋವಾ ಕಾಲದ ಬಹುಪಾಲು ದಾಟುವುದಿಲ್ಲ. ಮಾರಾಟಗಾರನಿಂದ ಕಾಲ ನಮೂದಿಸಿದ ರಸೀದಿ, ಮಸಿಬರಹದ ಫೋಟೋ ಇಟ್ಟುಕೊಂಡು ಕ್ಲಿಯರಿಂಗ್ ಏಜೆಂಟರನ್ನು ಹಣ ಕಟ್ಟುವ ಮೊದಲೇ ಕೇಳಿ. ನೆತ್ಸುಕೆ ಎಂಬ ಸೊಂಟದ ಗುಂಡಿಗಳ ಮೋಹ ಹತ್ತಿದ್ದರೆ ಮರದ್ದಕ್ಕೆ ಮಾತ್ರ ಕೈ ಹಾಕಿ. ಆನೆದಂತದ್ದು ಎಷ್ಟೇ ಹಳೆಯದಾಗಿರಲಿ ಭಾರತಕ್ಕೆ ತರುವ ಯೋಚನೆ ಬಿಡಿ, 1972ರ ವನ್ಯಜೀವಿ ಕಾಯ್ದೆ ಅದರ ವ್ಯಾಪಾರಕ್ಕೆ ಅವಕಾಶ ಕೊಡುವುದಿಲ್ಲ.

ಹರಾಜು ತಾಣಗಳಲ್ಲಿ ಅನುವಾದ ಯಂತ್ರ ಕೈಕೊಡುವುದು ದೋಷದ ಪದಗಳಲ್ಲೇ. 'ನ್ಯೂ' ಅಂದರೆ ಹೊಸದಲ್ಲ, ಕೂದಲೆಳೆಯ ಸೀಳು. 'ಹೊತ್ಸು' ಅಂಚಿನ ಸಣ್ಣ ಚಕ್ಕೆ, 'ಸೊಗೆ' ಅದಕ್ಕಿಂತ ಅಗಲವಾಗಿ ಎದ್ದ ಚಕ್ಕೆ. 'ಕನ್ನ್ಯೂ' ಗ್ಲೇಜಿನ ಬಲೆಬಿರುಕು, ದೋಷವೆನ್ನಲಾಗದು. 'ಫುರಿಮೊನೊ' ಸುಡುವಾಗ ಬಿದ್ದ ಬೂದಿಯ ಕಣ. 'ನವೋಶಿ' ರಿಪೇರಿ, 'ಕಿನ್-ನವೋಶಿ' ಚಿನ್ನದ ರಿಪೇರಿ. ಕೊನೆಯದು ಉರುಶಿಯಿಂದ ಮಾಡಿದ್ದಾದರೆ ಗೌರವದ್ದು, ಆದರೆ ಈಗ ಎಪಾಕ್ಸಿ ಅಂಟಿಗೆ ಹಿತ್ತಾಳೆಪುಡಿ ಉದುರಿಸಿದವೂ ಅದೇ ಹೆಸರಲ್ಲಿ ಬರುತ್ತವೆ; ಅಂಥದರಲ್ಲಿ ಊಟ ಬೇಡ. 'ಉಬುದಾಶಿ' ಅಂದರೆ ಉಗ್ರಾಣದಿಂದ ನೇರ ಬಂದದ್ದು, ವ್ಯಾಪಾರಿ ಮುಟ್ಟಿಲ್ಲ. ಮುಟ್ಟಿಲ್ಲ ಅಂದಮೇಲೆ ತೊಳೆದೂ ಇಲ್ಲ, ಬಿರುಕು ಹುಡುಕಿಯೂ ಇಲ್ಲ. ಧೂಳಿನ ಅಡಿಯಲ್ಲಿ ಏನಿದೆಯೆಂದು ತೊಳೆಯುವಾಗಲೇ ಗೊತ್ತಾಗುವುದು.